ಉಪಗ್ರಹದ ಕಣ್ಣು ಪರೀಕ್ಷಿಸಲು: ಚಂದ್ರನೋ, ನೆಲವೋ?

ತುಮಕೂರಿನಲ್ಲಿ ಕೂತು ಉಪಗ್ರಹ ಚಿತ್ರಗಳ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ಇದು. ಭೂಮಿಯಿಂದ ವಾಪಸಾಗುವ ಬಿಸಿಲನ್ನು ಅಳೆಯುವ ಸಾಧನ ವರ್ಷ ಕಳೆದಂತೆ ಮಂಕಾಗುತ್ತದೆ. ಅಮಾನಿಕೆರೆ ಜಾಸ್ತಿ ಕಪ್ಪಾಗಿ ಕಂಡರೆ, ಬದಲಾದದ್ದು ಕೆರೆಯೋ ಸಾಧನವೋ? ಗೊತ್ತಾಗಬೇಕು ಅಲ್ವಾ!

ಹೋಲಿಸಿ ನೋಡಲು ಸಾಧನದೊಳಗೇ ಬಿಳಿ ಫಲಕ ಇಡುತ್ತಾರೆ. ಅದೂ ಬಿಸಿಲಿಗೆ ಬಣ್ಣಗೆಡುತ್ತದೆ.

ಕಛ್‌ನ ರಣ್‌ನಂಥ ಬಟಾಬಯಲಲ್ಲಿ ನೆಲದ ಮೇಲೇ ಅಳೆದು ಹೋಲಿಸಬಹುದು. ಆದರೆ ನಡುವಿನ ಗಾಳಿ, ಧೂಳಿನ ಲೆಕ್ಕ ಕಷ್ಟ.

ಚಂದ್ರನಲ್ಲಿ ಆ ತೊಂದರೆಯೇ ಇಲ್ಲ. ಅವನ ಮೈ ಬದಲಾಗುವುದೇ ಇಲ್ಲವೆನ್ನಬಹುದು. 1997ರಲ್ಲಿ ಹಾರಿದ, ಸಮುದ್ರದ ಬಣ್ಣ ಅಳೆಯುವ ಸೀವಿಫ್ಸ್ ಎಂಬ ಉಪಗ್ರಹ ಸಾಧನ ತಿಂಗಳಿಗೊಮ್ಮೆ ಅವನನ್ನು ನೋಡುತ್ತಿತ್ತು. ತಾನೆಷ್ಟು ಮಂಕಾದೆ ಎಂದು ತಿಳಿಯುತ್ತಿದ್ದದ್ದು ಹಾಗೆ! ಆದರೆ ಚಂದ್ರನ ಬೆಳಕು ನಿಖರವಾಗಿ ಎಷ್ಟು ಎಂಬುದರಲ್ಲೇ ಶೇಕಡಾ 5ರಿಂದ 10ರಷ್ಟು ಅನುಮಾನವಿತ್ತು.

ಹತ್ತು ವರ್ಷದ ಬದಲಾವಣೆ ನೋಡುತ್ತೀರಾ? ಚಂದ್ರನನ್ನೇ ನಂಬಿ. ನಿಜವಾದ ಅಂಕಿ ಬೇಕೆಂದರೆ ನೆಲದ ಅಳತೆಯೇ ಸರಿ.