ಆ್ಯಪು, ಅಕ್ಕನ ವಾಯ್ಸು, ಆಟೋ ಮೈಕು: ಹೊಳೆ ಬಂದಾಗ ಯಾವುದು ಕೆಲಸಕ್ಕೆ ಬಂತು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಮರುದಿನ ಗಂಗಾವತಿ ಕಡೆಯ ನಮ್ಮ ವಾಟ್ಸಾಪ್ ಗ್ರೂಪುಗಳ ತುಂಬ ಅದೇ ಸುದ್ದಿ. ನದಿ ಪಾತ್ರದ ಜನ ಜಾನುವಾರು ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳಬೇಕಂತೆ. ನಮಗೇನೋ ತಿಳಿಯಿತು. ಕ್ಯಾಂಪಿನ (ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಊರಿಗೆ ಇಲ್ಲಿ ಹಾಗನ್ನುತ್ತಾರೆ) ತೆಲುಗಿನವರಿಗೆ, ದಂಡೆಯ ಪಂಪ್‌ಸೆಟ್ ಶೆಡ್ಡಿನಲ್ಲಿದ್ದ ಬಿಹಾರದ ಕೂಲಿ ಹುಡುಗರಿಗೆ ತಿಳಿಸೋದು ಹೇಗೆ?

ಮೊದಲು ಫೋನಿನ ಅನುವಾದ ಆ್ಯಪು. ಎರಡೇ ಸೆಕೆಂಡು, ಹಿಂದಿ ರೆಡಿ. ಹುಡುಗನೊಬ್ಬ ಓದಿ ಮುಖ ಮುಖ ನೋಡಿದ. ‘ನದಿ ಪಾತ್ರ’ ಅನ್ನೋದು ‘ನದೀ ಕೀ ಭೂಮಿಕಾ’ ಆಗಿತ್ತು! ಹೊಳೆಗೆ ನಾಟಕದ ಪಾರ್ಟು ಕೊಟ್ಟಿತ್ತು ಆ್ಯಪು. ಆದರೆ ಪೂರ್ತಿ ತಪ್ಪು ಅದರದೂ ಅಲ್ಲ. “ಹೊಳೆ ದಂಡೆಯಲ್ಲಿ ಇರಬೇಡಿ. ಈಗಲೇ ಶಾಲೆಗೆ ಬನ್ನಿ” ಅಂತ ಕನ್ನಡವನ್ನೇ ತಿದ್ದಿ ಹಾಕಿದೆ, ಹಿಂದಿ ಚೊಕ್ಕ ಬಂತು. ಆಫೀಸಿನ ಕನ್ನಡವನ್ನು ಮೊದಲು ಕನ್ನಡಕ್ಕೇ ಅನುವಾದಿಸಬೇಕಿತ್ತು, ನೋಡಿ. ಓದು ಬಾರದವರ ಕೈಗೆ ಅದನ್ನು ಕೊಟ್ಟು ಏನೂ ಉಪಯೋಗವಿಲ್ಲ, ಅದು ಬೇರೆ ಮಾತು.

ಎರಡನೆಯದು, ಕ್ಯಾಂಪಿನ ಕಿರಾಣಿ ಅಂಗಡಿ ಅಕ್ಕನ ವಾಯ್ಸ್ ಮೆಸೇಜು. ನಾನು ಲಕ್ಷ ಕ್ಯೂಸೆಕ್ ಅಂತ ಶುರು ಮಾಡಿದರೆ ಅಲ್ಲೇ ತಡೆದರು: “ಕ್ಯೂಸೆಕ್ಸು ಗೀಕ್ಯೂಸೆಕ್ಸು ಬ್ಯಾಡ ತಮ್ಮಾ, ಕಂಪ್ಲಿ ಸೇತುವೆ ಮುಳುಗ್ತದೋ ಇಲ್ಲೋ ಅಷ್ಟು ಹೇಳು.” ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ; ಲಕ್ಷ ಅಂದಾಗ ಯಾವ ಭಾಷೆಯಲ್ಲಿ ಹೇಳಿದರೂ ಕಣ್ಣಿಗೆ ಕಟ್ಟುವುದಿಲ್ಲ. ಅಕ್ಕ ತೆಲುಗಿನಲ್ಲಿ ಹೇಳಿದ್ದು ಇಷ್ಟೇ: ಸೇತುವೆ ಕಡೆ ಹೋಗಬೇಡಿ, ಎಮ್ಮೆ ಬಿಚ್ಚಿಕೊಂಡು ಮೇಲೆ ಬನ್ನಿ. ಸಂಜೆಯೊಳಗೆ ದಂಡೆ ಖಾಲಿ. ಅನುಮಾನ ಬಂದವರು ಅವರಿಗೇ ಫೋನ್ ಹಚ್ಚಿ ಕೇಳಿದರು. ಆ್ಯಪಿಗೆ ಯಾರು ಫೋನ್ ಹಚ್ತಾರೆ?

ಇದರಲ್ಲೂ ಒಂದು ಎಡವಟ್ಟಾಯಿತು. ವಾಯ್ಸಿನಲ್ಲಿ ತಾರೀಖು ಹೇಳಿರಲಿಲ್ಲ. ವಾರದ ಮೇಲೆ ತಾತ್ಕಾಲಿಕ ಗೇಟು ಕೂರಿಸಿ ನೀರು ತಡೆದ ಬಳಿಕವೂ ಅದು ಊರೂರು ತಿರುಗುತ್ತಿತ್ತು. ಎಲ್ಲೋ ಒಬ್ಬರು ಗಂಟುಮೂಟೆ ಕಟ್ಟಿಕೊಂಡು ಕೂತಿದ್ದರಂತೆ. ಈಗ ಅಕ್ಕ ವಾರ, ಹೊತ್ತು ಹೇಳಿಯೇ ಮಾತು ಶುರು ಮಾಡುತ್ತಾರೆ.

ಆಟೋ ಮೈಕಿನದು ಹೆಚ್ಚೇನಿಲ್ಲ. ಒಂದೇ ಭಾಷೆ, ಗಾಳಿಗೆ ಅರ್ಧ ಮಾತು ಹಾರಿಹೋಗುತ್ತದೆ. ರಾತ್ರಿ ಫೋನ್ ಆಫ್ ಮಾಡಿ ಮಲಗಿದವರನ್ನು ಎಬ್ಬಿಸಲಿಕ್ಕೆ ಮಾತ್ರ ಅದೇ ಬೇಕು.

ನನ್ನ ಓಟು ಅಕ್ಕನಿಗೇ. ಬಿಹಾರದ ಹುಡುಗರ ಮೇಸ್ತ್ರಿ ನಂಬರೂ ಸೇವ್ ಮಾಡಿಕೊಂಡಿದ್ದೇನೆ, ಅವನು ಭೋಜ್‌ಪುರಿಯಲ್ಲೇ ಹೇಳುತ್ತಾನೆ. ಈಚೆಗೆ ಒಡಿಯಾ ಮಾತಾಡುವ ಗುಂಪೊಂದು ಬಂದಿದೆ. ಅವರಲ್ಲಿ ಕನ್ನಡ ಬಲ್ಲವರು ಸಿಗುವ ತನಕ ಆ್ಯಪೇ ಗತಿ, ಸಣ್ಣ ಸಣ್ಣ ವಾಕ್ಯದಲ್ಲಿ.