ತಿಂಗಳಿಗೆ 90 ರೂಪಾಯಿ ಇಎಸ್ಐ: ಆಪರೇಷನ್ ಆಯ್ತು, ಕೆಲಸ ಹೋಯ್ತು, ನನ್ನ ರಿವ್ಯೂ

ನಾಲ್ಕು ಸ್ಟಾರ್ ಕೊಡ್ತಿದೀನಿ. ಒಂದು ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ.

ಪೀಣ್ಯ ಕಡೆ ಒಂದು ಗಾರ್ಮೆಂಟ್ಸಲ್ಲಿ ಏಳು ವರ್ಷ ಟೈಲರ್ ಆಗಿದ್ದೆ, ಕಾಲರ್ ಕೂರ್ಸೋ ಮಷಿನ್ ನಂದು. ಸಂಬಳ 12,000. ಅದ್ರಲ್ಲಿ ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಅಂತ 90 ರೂಪಾಯಿ ಹಿಡ್ಕೊಳೋರು, ಅಂದ್ರೆ ನಮ್ಮಿಂದ 0.75 ಪರ್ಸೆಂಟು, ಕಂಪ್ನಿಯವ್ರು 3.25 ಹಾಕ್ಬೇಕು. ಪೇ ಸ್ಲಿಪ್ ಬಂದಾಗೆಲ್ಲ ಈ 90 ರೂಪಾಯಲ್ಲಿ ಮಕ್ಕಳಿಗೆ ಮೊಟ್ಟೆ ಬರ್ತಿತ್ತಲ್ಲ ಅಂತ ಬೈಕೊಂಡಿದೀನಿ, ಸುಳ್ಳು ಯಾಕೆ ಹೇಳ್ಲಿ.

2023ರ ಜನವರಿಲಿ ಬ್ಲೀಡಿಂಗ್ ನಿಲ್ತಾನೇ ಇರ್ಲಿಲ್ಲ, ಸ್ಕ್ಯಾನಲ್ಲಿ ಗರ್ಭಕೋಶದಲ್ಲಿ ಗಡ್ಡೆ ಅಂತ ಬಂತು, ತೆಗೆಸ್ಲೇಬೇಕು ಅಂದ್ರು, ನರ್ಸಿಂಗ್ ಹೋಮಲ್ಲಿ ಕೇಳಿದ್ರೆ 80 ಸಾವಿರ, ನಮ್ಮನೆಯವ್ರು ಚೀಟಿ ಎತ್ತೋಣ ಅಂತ ಹೊರಟಿದ್ರು, ಅಷ್ಟ್ರಲ್ಲಿ ಪಕ್ಕದ ಲೈನಿನ ಅಕ್ಕ ಒಬ್ರು "ಇಎಸ್ಐ ಕಾರ್ಡ್ ಇಟ್ಕೊಂಡು ಯಾಕೇ ದುಡ್ಡು ಸುರೀತೀಯ, ಡಿಸ್ಪೆನ್ಸರಿಗೆ ಹೋಗು" ಅಂದ್ರು. ಹೋದೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರ್ಕೊಟ್ರು. ರಕ್ತ ಕಮ್ಮಿ ಇದೆ ಅಂತ ಎರಡು ವಾರ ಮಾತ್ರೆ, ಆಮೇಲೆ ಆಪರೇಷನ್. ಬಿಲ್ ಅಂತ ಒಂದ್ ರೂಪಾಯಿ ಕೇಳಿಲ್ಲ. ಹೊಲಿಗೆ ಚೆನ್ನಾಗಿ ಕೂತಿದೆ, ನಾನೂ ಹೊಲಿಗೆಯೋಳೇ, ನಂಗೊತ್ತಾಗುತ್ತೆ.

ಆರು ವಾರ ರೆಸ್ಟ್ ಅಂದ್ರು. ಸುಮಾರು ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ, ಈ ರಜೆಗೂ ದುಡ್ಡು ಬರುತ್ತೆ, ಸಿಕ್‌ನೆಸ್ ಬೆನಿಫಿಟ್ ಅಂತಾರೆ. ದಿನದ ಸಂಬಳದ 70 ಪರ್ಸೆಂಟು, ವರ್ಷಕ್ಕೆ 91 ದಿನದವರೆಗೂ. ಅದಕ್ಕೆ ಹಿಂದಿನ ಆರು ತಿಂಗಳ ಲೆಕ್ಕದಲ್ಲಿ 78 ದಿನ ಕಟ್ಟಿರ್ಬೇಕು ಅಷ್ಟೇ. ಮೊದಲ ಎರಡು ದಿನಕ್ಕೆ ಕೊಡಲ್ಲ, ಅದು ರೂಲ್ಸು. ನಂಗೆ 40 ದಿನಕ್ಕೆ ಹನ್ನೊಂದು ಸಾವಿರ ಚಿಲ್ಲರೆ ಅಕೌಂಟಿಗೇ ಬಂತು. ಆದ್ರೆ ಇಎಸ್ಐ ಡಾಕ್ಟ್ರು ಸರ್ಟಿಫಿಕೇಟ್ ಬರೀಬೇಕು, ವಾರ ವಾರ ಮುಂದುವರಿಸ್ತಾ ಹೋಗ್ಬೇಕು, ಕೊನೇಲಿ ಕೆಲಸಕ್ಕೆ ಹೋಗ್ಬೋದು ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟು. ಹೊಟ್ಟೆ ಹಿಡ್ಕೊಂಡು ಆಟೋಲಿ ಹೋಗೋದು ನರಕ, ಆದ್ರೂ ಒಂದು ವಾರಾನೂ ತಪ್ಪಿಸ್ಲಿಲ್ಲ. ಪ್ರತಿ ಸಲ ಮೊಬೈಲಲ್ಲಿ ಫೋಟೋ ತೆಗ್ದು ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿದೀನಿ, ನೀಲಿ ಟಿಕ್ಕೂ ಬಂದಿದೆ.

ಫಿಟ್‌ನೆಸ್ ಹಿಡ್ಕೊಂಡು ಹೋದ ದಿನ ಗೇಟಲ್ಲೇ ಪಂಚಿಂಗ್ ಆಗ್ಲಿಲ್ಲ. ನನ್ ಮಷಿನಲ್ಲಿ ಬೇರೆ ಹುಡುಗಿ. ಎಚ್ಆರ್ ಮೇಡಂ ನೀರು ಕೊಟ್ಟು ಕೂರ್ಸಿ, "ನಿಮ್ಗೆ ಟಾರ್ಗೆಟ್ ಆಗಲ್ಲಮ್ಮ ಇನ್ಮೇಲೆ, ರಿಸೈನ್ ಬರ್ಕೊಡಿ, ಲೆಕ್ಕ ಬೇಗ ಆಗುತ್ತೆ" ಅಂದ್ರು. ನಾನು ಸೈನ್ ಹಾಕ್ಲಿಲ್ಲ. ಧೈರ್ಯ ಅಂತಲ್ಲ, ಕೈ ನಡುಗ್ತಿತ್ತು, ಮನೇಲಿ ಕೇಳಿ ಹೇಳ್ತೀನಿ ಅಂತ ಎದ್ದು ಬಂದೆ. ನಾಲ್ಕು ದಿನಕ್ಕೆ ಪೋಸ್ಟಲ್ಲಿ ಲೆಟರ್ ಬಂತು, ಹೇಳ್ದೆ ಕೇಳ್ದೆ ಗೈರುಹಾಜರಿ, ಅದಕ್ಕೇ ತೆಗೆದಿದೀವಿ ಅಂತ. ಅವ್ರು ಜಾಣತನ ಮಾಡಕ್ಕೆ ಹೋಗಿ ಹಳೇ ಡೇಟ್ ಹಾಕಿದ್ರು, ನಾನು ಆಪರೇಷನ್ ಆಗಿ ಮೂರನೇ ವಾರದಲ್ಲಿ ಮಲಗಿದ್ದಾಗಿನ ಡೇಟು!

ಯೂನಿಯನ್ ಅಕ್ಕ ಆ ಡೇಟ್ ನೋಡಿ ನಕ್ಕುಬಿಟ್ರು. 2025ರ ನವೆಂಬರ್‌ವರೆಗೆ ಇದ್ದ 1948ರ ಇಎಸ್ಐ ಕಾಯ್ದೆ, ಸೆಕ್ಷನ್ 73: ಸಿಕ್‌ನೆಸ್ ಬೆನಿಫಿಟ್ ತಗೋತಿರೋವಾಗ ಕೆಲಸದಿಂದ ತೆಗಿಯಂಗಿರ್ಲಿಲ್ಲ, ನೋಟಿಸ್ ಕೊಟ್ರೂ ನಡೀತಿರ್ಲಿಲ್ಲ. ಲೇಬರ್ ಆಫೀಸಲ್ಲಿ ಅರ್ಜಿ ಹಾಕಿದ್ವಿ. ಸಂಧಾನಕ್ಕೆ ಅಂತ ಮೂರು ಸಲ ಕರೆದ್ರು, ಎರಡು ಸಲ ಕಂಪ್ನಿಯವ್ರು ಬರ್ಲೇ ಇಲ್ಲ. ಮೂರನೇ ಸಲ ಬಂದ ಲಾಯರ್ ಮುಂದೆ ನನ್ ಸರ್ಟಿಫಿಕೇಟೂ ಅವ್ರ ಲೆಟರೂ ಪಕ್ಕ ಪಕ್ಕ ಇಟ್ವಿ. ವಾಪಸ್ ತಗೋತೀವಿ ಅಂದ್ರು, ಆದ್ರೆ ಅದೇ ಫ್ಲೋರಿಗೆ ಹೋಗಿ ದಿನಾ ಬೈಸ್ಕೊಳೋ ಮನಸ್ಸಿರ್ಲಿಲ್ಲ. ಗ್ರಾಚುಟಿ, ರಜೆ ದುಡ್ಡು, ಮೇಲೆ ಮೂರು ತಿಂಗಳ ಸಂಬಳ ತಗೊಂಡು ಮುಗಿಸ್ದೆ. ತಪ್ಪು ಮಾಡ್ದೆ ಅಂತ ಯೂನಿಯನ್ ಅಕ್ಕ ಈಗ್ಲೂ ಅಂತಾರೆ, ಇರಬಹುದು.

ಇದೇ ಥರ ನಮ್ ಚೆಕ್ಕಿಂಗ್ ಸೆಕ್ಷನ್ ಹುಡುಗಿ ಪ್ರೈವೇಟಲ್ಲಿ ಅಪೆಂಡಿಕ್ಸ್ ಮಾಡಿಸ್ಕೊಂಡ್ಲು. ಅವಳ ಹತ್ರ ನರ್ಸಿಂಗ್ ಹೋಮ್ ಚೀಟಿ ಬಿಟ್ರೆ ಇಎಸ್ಐದು ಒಂದು ಕಾಗದಾನೂ ಇಲ್ಲ, ಬೆನಿಫಿಟ್ಟೂ ಇಲ್ಲ, ಸೆಕ್ಷನ್ನೂ ಇಲ್ಲ. ರಿಸೈನ್ ಬೇರೆ ಬರ್ಕೊಟ್ಟಿದ್ಲು ಪಾಪ.

ಈಗ ಆ ಒಂದು ಸ್ಟಾರ್. ಆ ಸೆಕ್ಷನ್ನಿನ ರಕ್ಷಣೆ ಬೆನಿಫಿಟ್ ಇಲ್ಲಾ ಕಾಯಿಲೆಗೆ ಚಿಕಿತ್ಸೆ ನಡೀತಿರೋ ದಿನಗಳಿಗೆ ಮಾತ್ರ ಇತ್ತು. ಫಿಟ್ ಅಂತ ಬರ್ಕೊಟ್ಟ ಮಾರನೇ ದಿನದ ಡೇಟ್ ಹಾಕಿ ನಂಗೆ ಲೆಟರ್ ಕೊಟ್ಟಿದ್ರೆ ಬಹುಶಃ ಈ ಸೆಕ್ಷನ್ ಕೆಲಸಕ್ಕೆ ಬರ್ತಿರ್ಲಿಲ್ಲ, ಬೇರೆ ದಾರಿ ಹುಡುಕ್ಬೇಕಿತ್ತು. ನಿಜವಾಗ್ಲೂ ತೆಗೆಯೋದೇ ಆಗ ಅಲ್ವಾ, ಇನ್ನೂ ಭಾರ ಎತ್ತಕ್ಕಾಗಲ್ಲ, ಬಗ್ಗಕ್ಕಾಗಲ್ಲ ಅನ್ನೋವಾಗ.

ಇನ್ನೊಂದು, ಕೆಲಸ ಹೋದ ತಕ್ಷಣ ಕಾರ್ಡ್ ಸತ್ತೋಯ್ತು ಅನ್ಕೋಬೇಡಿ. ಏಪ್ರಿಲ್ ಟು ಸೆಪ್ಟೆಂಬರ್ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ಗೆ ಬರುತ್ತೆ, ಅಕ್ಟೋಬರ್ ಟು ಮಾರ್ಚ್ ಕಟ್ಟಿದ್ದು ಜುಲೈಯಿಂದ ಡಿಸೆಂಬರ್‌ಗೆ. ನಂಗೆ ಮಾರ್ಚಲ್ಲಿ ಕೆಲಸ ಹೋಯ್ತು, ಆ ವರ್ಷ ಡಿಸೆಂಬರ್‌ವರೆಗೂ ಚೆಕಪ್ಪು, ಕಬ್ಬಿಣದ ಮಾತ್ರೆ ಎಲ್ಲ ಅದೇ ಕಾರ್ಡಲ್ಲೇ ನಡೀತು.