ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಸೆಟ್‌ಗೆ ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಟರ್ನ್‌ಟೇಬಲ್ ಅಂದರೆ ಡಿಜೆಗಳು ಗ್ರಾಮಫೋನ್ ಥರ ಪ್ಲೇಟು ತಿರುಗಿಸುವ ಯಂತ್ರ, ಅದರ ಸೆಟ್‌ಗೆ ಕೊಟ್ಟಿದ್ದು 58 ಸಾವಿರ. ಅದನ್ನು ನೆಟ್ಟಗೆ ಮಾಡಲು ಆಮೇಲೆ ಸುರಿದದ್ದು ಇನ್ನೂ 23 ಸಾವಿರ. ಗುಬ್ಬಿ ಕಡೆಯ ಒಂದು ಆರತಕ್ಷತೆಯ ಬಾಕಿ 7 ಸಾವಿರ ಬರಲೇ ಇಲ್ಲ, ಕೇಳಲು ನನಗೆ ಮುಖವೂ ಇರಲಿಲ್ಲ. ತುಮಕೂರಿನಲ್ಲಿ ಮದುವೆ, ನಾಮಕರಣ, ಕಾಲೇಜ್ ಫೆಸ್ಟ್ ಅಂತ ಹಾಡು ಹಾಕಿಕೊಂಡು ಬದುಕುವವನಿಗೆ ಇದು ಸಣ್ಣ ದುಡ್ಡಲ್ಲ.

ಈಗ ನಮ್ಮೂರಿನ ಒಂದಿಬ್ಬರು ಹುಡುಗರಿಗೂ ಪ್ಲೇಟು ತಿರುಗಿಸುವ ಹುಚ್ಚು ಹತ್ತಿದೆ. "ಅಣ್ಣ, ಸೆರಾಟೋ ತಗೊಳ್ಳೋದಾ, ಟ್ರ್ಯಾಕ್ಟರ್ ತಗೊಳ್ಳೋದಾ?" ಅಂತ ಕೇಳುತ್ತಾರೆ. ಎರಡೂ ಡಿಜೆ ಸಾಫ್ಟ್‌ವೇರ್‌ಗಳ ಹೆಸರು. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಹೋಗಿಯೇ ಹಳ್ಳಕ್ಕೆ ಬಿದ್ದದ್ದು. (ನಾನು ಫೋನಿನಲ್ಲಿ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಅನ್ನುವುದನ್ನು ಕೇಳಿ ನಮ್ಮಪ್ಪ, "ಇರೋ ಹೊಲ ಮಾರಿ ಹತ್ತು ವರ್ಷ ಆಯ್ತು, ಈಗ್ಯಾಕೋ ಟ್ರ್ಯಾಕ್ಟರ್?" ಅಂದಿದ್ದರು. ಆಗ ನಕ್ಕಿದ್ದೆ.)

ಗೊತ್ತಿಲ್ಲದವರಿಗೆ ಎರಡು ಮಾತು. ಈ ಸಾಫ್ಟ್‌ವೇರ್‌ಗಳಿಗೆ ಬೇಕಾದ ಟೈಮ್‌ಕೋಡ್ ಪ್ಲೇಟಿನಲ್ಲಿ ಹಾಡೇ ಇರುವುದಿಲ್ಲ. ಕಿವಿ ಇಟ್ಟು ಕೇಳಿದರೆ "ಕೀ..." ಅನ್ನುವ ಒಂದು ಸದ್ದು ಅಷ್ಟೆ. ಸೆರಾಟೋ ಪ್ಲೇಟಿನಲ್ಲಿ ಅದು 1000 ಹರ್ಟ್ಸ್, ಟ್ರ್ಯಾಕ್ಟರ್‌ನ ಮೊದಲ ಪ್ಲೇಟಿನಲ್ಲಿ 2000, ಎರಡನೇ ತಲೆಮಾರಿನದರಲ್ಲಿ 2500. ಅದನ್ನು ಮುಳ್ಳು ಓದುತ್ತದೆ, ಸೌಂಡ್ ಕಾರ್ಡ್ ಅನ್ನುವ ಪೆಟ್ಟಿಗೆ ಲ್ಯಾಪ್‌ಟಾಪ್‌ಗೆ ಮುಟ್ಟಿಸುತ್ತದೆ. ಸದ್ದು ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ನೋಡಿ ಸಾಫ್ಟ್‌ವೇರ್ ವೇಗ ತಿಳಿದುಕೊಳ್ಳುತ್ತದೆ. ಎಡಗಡೆಯ ಸದ್ದು ಮುಂದಿದೆಯೋ ಬಲಗಡೆಯದು ಮುಂದಿದೆಯೋ ನೋಡಿ ಪ್ಲೇಟು ಯಾವ ದಿಕ್ಕಿಗೆ ತಿರುಗುತ್ತಿದೆ ಅಂತ ತಿಳಿದುಕೊಳ್ಳುತ್ತದೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿರುವ ಹಾಡನ್ನು ಹಾಗೇ ಕುಣಿಸುತ್ತದೆ. ಈ ಎಡ ಬಲದ ವಿಷಯ ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋದದ್ದು ಅಲ್ಲೇ.

ಹೊಸದೇನಲ್ಲ ಇದು. ಆಮ್‌ಸ್ಟರ್‌ಡ್ಯಾಮ್‌ನ ಎನ್2ಐಟಿ ಎಂಬ ಕಂಪನಿ ಮಾಡಿದ ಫೈನಲ್ ಸ್ಕ್ರ್ಯಾಚ್ ಎಂಬ ಇಂಥದ್ದೇ ಸಾಫ್ಟ್‌ವೇರ್ 2000ದ ದಶಕದ ಶುರುವಿನಲ್ಲೇ ಮಾರುಕಟ್ಟೆಗೆ ಬಂದಿತ್ತು. 2004ರಲ್ಲಿ ನ್ಯೂಜಿಲೆಂಡ್‌ನ ಸೆರಾಟೋ, ರೇನ್ ಕಂಪನಿಯ ಪೆಟ್ಟಿಗೆಯ ಜೊತೆ ಸ್ಕ್ರ್ಯಾಚ್ ಲೈವ್ ತಂದಿತು. ಅಂದರೆ ಇಪ್ಪತ್ತು ವರ್ಷದ ಹಳೆಯ ಸಾಮಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಓಡಾಡುತ್ತಿದೆ. ತೊಂದರೆ ಇರುವುದೂ ಅಲ್ಲೇ.

ನಾನು ಎಂಟು ವರ್ಷ ಕಂಟ್ರೋಲರ್‌ನಲ್ಲೇ (ಪ್ಲೇಟು, ಮುಳ್ಳು ಇಲ್ಲದೆ ಗುಂಡಿಗಳಿಂದ ಲ್ಯಾಪ್‌ಟಾಪ್‌ನ ಹಾಡು ನಡೆಸುವ ಯಂತ್ರ) ಹಾಡು ಹಾಕಿದವನು. ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ನೋಡಿದೆ: ಎರಡು ಟರ್ನ್‌ಟೇಬಲ್, ಒಂದು ಸೌಂಡ್ ಪೆಟ್ಟಿಗೆ, ಎರಡು ಟೈಮ್‌ಕೋಡ್ ಪ್ಲೇಟು, "ಫುಲ್ ಸೆಟ್, ತಕ್ಷಣ ಬಳಸಬಹುದು". ಮಾರುವವನು ಬೆಂಗಳೂರಿನವನು. ಬೆಳಗಿನ ಟ್ರೈನ್ ಹಿಡಿದು ಹೋದೆ. ಅವನು ತನ್ನ ಹಳೆಯ ಲ್ಯಾಪ್‌ಟಾಪ್ ತೆರೆದ, ಮುಚ್ಚಳದ ಮೇಲೆ ಅರ್ಧ ಹರಿದ ಹುಲಿ ಸ್ಟಿಕರ್ ಇತ್ತು. ಒಂದು ಹಾಡು ಹಾಕಿದ, ಪ್ಲೇಟು ಎರಡು ಸಲ ಹಿಂದೆ ಮುಂದೆ ಉಜ್ಜಿದ, ಸೊಗಸಾಗಿ ಬಂತು. "ನೋಡಿ ಬ್ರದರ್, ಬೆಣ್ಣೆ ಥರ ಇದೆ" ಅಂದ. ನಾನು ನನ್ನ ಲ್ಯಾಪ್‌ಟಾಪ್ ಒಯ್ದಿರಲಿಲ್ಲ. ಆ ದಿನ ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು.

ಎರಡನೆಯದು, ಟರ್ನ್‌ಟೇಬಲ್ ಎತ್ತಿದಾಗ ಹಗುರ ಅನ್ನಿಸಿತು. ಖುಷಿಪಟ್ಟೆ, ಹೊರೋದು ಸುಲಭ ಅಂತ! ಟೆಕ್ನಿಕ್ಸ್ 1200 ಎಂಕೆ2 ಇದೆಯಲ್ಲ, 1979ರಲ್ಲಿ ಬಂದದ್ದು, ಇವತ್ತಿಗೂ ಡಿಜೆಗಳು ಹೆಸರು ಹೇಳುವುದು ಅದನ್ನೇ, ಅದು ಒಂದೊಂದೂ ಹತ್ತಿರ ಹತ್ತಿರ 12 ಕೆಜಿ ತೂಗುತ್ತದೆ. ಅದರಲ್ಲಿ ಮೋಟರೇ ನೇರವಾಗಿ ತಟ್ಟೆ ತಿರುಗಿಸುತ್ತದೆ. ನನ್ನದರಲ್ಲಿ ಒಳಗೆ ಒಂದು ರಬ್ಬರ್ ಬೆಲ್ಟ್. ಪ್ಲೇಟನ್ನು ಕೈಯಲ್ಲಿ ಹಿಡಿದರೆ ಕೆಳಗಿನ ತಟ್ಟೆ ಸುತ್ತುತ್ತಲೇ ಇರಬೇಕು, ಬಿಟ್ಟ ಕ್ಷಣ ಪ್ಲೇಟು ಅದರ ವೇಗ ಹಿಡಿಯಬೇಕು. ಬೆಲ್ಟಿನದರಲ್ಲಿ ತಟ್ಟೆಯೇ ನಿಂತುಬಿಡುತ್ತದೆ, ಬಿಟ್ಟ ಮೇಲೆ ನಮ್ಮ ಹಳೆಯ ಟಿವಿಎಸ್ ಥರ ನಿಧಾನಕ್ಕೆ ಎದ್ದು ಬರುತ್ತದೆ. ಅಷ್ಟರಲ್ಲಿ ಬೀಟ್ ತಪ್ಪಿರುತ್ತದೆ. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ, ಪ್ಲೇಟನ್ನು ಒಂದು ಸಲ ಹಿಡಿದು ನೋಡಿದರೆ ಐದು ಸೆಕೆಂಡಿನಲ್ಲಿ ಗೊತ್ತಾಗುವ ವಿಷಯ.

ಬಟವಾಡಿಯ ಮನೆಗೆ ತಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಆ ಸೌಂಡ್ ಪೆಟ್ಟಿಗೆ ಇದೆ ಅಂತಲೇ ಅದಕ್ಕೆ ಗೊತ್ತಾಗಲಿಲ್ಲ. ಕೇಬಲ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ, ರಾತ್ರಿ ಒಂದು ಗಂಟೆ ತನಕ ಕೂತೆ. ಮಾರನೆ ದಿನ ಗೊತ್ತಾಯಿತು, ಆ ಪೆಟ್ಟಿಗೆಗೆ ಹೊಸ ಡ್ರೈವರ್ (ಪೆಟ್ಟಿಗೆಯನ್ನು ಲ್ಯಾಪ್‌ಟಾಪ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಬರುವುದೇ ನಿಂತುಹೋಗಿದೆ. ಅದು ಓಡುವುದು ಒಂದು ಹಳೆಯ ಸಾಫ್ಟ್‌ವೇರ್ ಜೊತೆ, ಒಂದು ಹಳೆಯ ಆಪರೇಟಿಂಗ್ ಸಿಸ್ಟಮ್ ಮೇಲೆ ಮಾತ್ರ. ಹುಲಿ ಸ್ಟಿಕರ್ ಲ್ಯಾಪ್‌ಟಾಪ್ ಯಾಕಷ್ಟು ಹಳೆಯದಿತ್ತು ಅಂತ ಆಗ ಅರ್ಥವಾಯಿತು. ಫೋನ್ ಮಾಡಿದರೆ "ನಂದ್ರಲ್ಲಿ ಓಡ್ತಿತ್ತಲ್ಲ ಸರ್, ನೀವೇ ನೋಡಿದ್ರಿ" ಅಂದ. ಹಿಂದಿನ ದಿನ ಬ್ರದರ್ ಆಗಿದ್ದ ನಾನು ದುಡ್ಡು ಕೊಟ್ಟ ಮೇಲೆ ಸರ್ ಆಗಿದ್ದೆ. ಆಮೇಲೆ ಅವನು ಎತ್ತಲೇ ಇಲ್ಲ.

ಇಲ್ಲಿ ನಿಂತು ಒಂದು ಮಾತು. ಸಾಫ್ಟ್‌ವೇರ್ ಹೋಲಿಸುವವರು ಸ್ಕ್ರೀನ್ ಹೇಗಿದೆ, ಎಫೆಕ್ಟ್ ಎಷ್ಟಿವೆ ಅಂತ ನೋಡುತ್ತಾರೆ. ನೋಡಬೇಕಾದದ್ದು ಯಾವ ಸಾಫ್ಟ್‌ವೇರ್‌ಗೆ ಯಾವ ಪೆಟ್ಟಿಗೆ ನಡೆಯುತ್ತದೆ ಅನ್ನುವುದು. ಸೆರಾಟೋ ತನ್ನ ಪಟ್ಟಿಯಲ್ಲಿರುವ ಪೆಟ್ಟಿಗೆ ಅಥವಾ ಮಿಕ್ಸರ್ (ಎರಡು ಕಡೆಯ ಹಾಡು ಬೆರೆಸುವ ಯಂತ್ರ) ಇದ್ದರೆ ಮಾತ್ರ ಪ್ಲೇಟು ಓದುತ್ತದೆ. ಕೆಲವು ಪೆಟ್ಟಿಗೆಗಳ ಜೊತೆ ಲೈಸೆನ್ಸ್ ಬರುತ್ತದೆ, ಕೆಲವಕ್ಕೆ ಬೇರೆ ದುಡ್ಡು ಕಟ್ಟಬೇಕು. ರೆಕಾರ್ಡ್‌ಬಾಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನದೂ ಹೆಚ್ಚುಕಡಿಮೆ ಅದೇ ಕಥೆ, ಅದು ತನ್ನ ಮನೆಯ ಮಿಕ್ಸರ್‌ಗಳ ಕಡೆಗೇ ವಾಲುತ್ತದೆ. ಟ್ರ್ಯಾಕ್ಟರ್ ಮೊದಲು ಹಾಗೇ ಇತ್ತು, ಈಗ ಬೇರೆ ಕಂಪನಿಯ ಸೌಂಡ್ ಕಾರ್ಡ್‌ನಲ್ಲೂ ನಡೆಯುತ್ತದೆ. ವರ್ಚುಯಲ್ ಡಿಜೆಯೂ ಅಷ್ಟೇ, ಬೇರೆ ಬೇರೆ ಕಂಪನಿಯ ಪ್ಲೇಟುಗಳನ್ನೂ ಓದುತ್ತದೆ. ಮಿಕ್ಸ್ ಅಂತ ಒಂದಿದೆ, ಕೊನೆಯಲ್ಲಿ ಮೂರು ಎಕ್ಸ್ ಬರುವ ಹೆಸರು, ಪೂರ್ತಿ ಉಚಿತ. ಒಬ್ಬ ಗೆಳೆಯ ಕ್ರ್ಯಾಕ್ ಮಾಡಿದ ಸೆರಾಟೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ. ಪೆಟ್ಟಿಗೆಯೇ ಪಟ್ಟಿಯಲ್ಲಿಲ್ಲದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಆ ಪೆನ್‌ಡ್ರೈವ್‌ನಿಂದ ಬಂದದ್ದು ವೈರಸ್ ಮಾತ್ರ.

ಸರಿ, ಉಚಿತದ್ದೇ ಆಗಲಿ ಅಂತ ಮಿಕ್ಸ್ ಹಾಕಿಕೊಂಡೆ. ಸೌಂಡ್ ಕಾರ್ಡ್ ತಗೊಂಡೆ. ಅಲ್ಲೂ ಮೊದಲು ಎಡವಿದೆ. ಎರಡು ಟರ್ನ್‌ಟೇಬಲ್ ಅಂದರೆ ಒಳಗೆ ಹೋಗಲು ನಾಲ್ಕು, ಹೊರಗೆ ಬರಲು ನಾಲ್ಕು ದಾರಿ ಬೇಕು, ನಾನು ತಂದದ್ದು ಎರಡೆರಡರದ್ದು. ಅದನ್ನು ವಾಪಸ್ ಕೊಟ್ಟು ದೊಡ್ಡದು ತಂದೆ. ಆಮೇಲೆ ನೋಡಿದರೆ ಸದ್ದೇ ಇಲ್ಲ. ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಸಾಮಾನ್ಯ ಕಾರ್ಡ್‌ಗೆ ಅದು ಕೇಳಿಸುವುದೇ ಇಲ್ಲ. ಫೋನೋ ಅಂತ ಬರೆದ ಕಿಂಡಿ ಬೇಕು, ಇಲ್ಲವೆಂದರೆ ನಡುವೆ ಸದ್ದು ಏರಿಸುವ ಒಂದು ಪ್ರೀಆಂಪ್ ಬೇಕು. ಮಿಕ್ಸ್‌ನಲ್ಲಿ ಆ ಸದ್ದನ್ನು ಒಳಗೇ ಏರಿಸಿಕೊಳ್ಳುವ ಒಂದು ಸೆಟ್ಟಿಂಗ್ ಇದೆ. ಆದರೆ ಸದ್ದಿನ ಜೊತೆ ಗುಂಯ್‌ಗುಡುವುದೂ ಏರುತ್ತದೆ. ಟರ್ನ್‌ಟೇಬಲ್ ಹಿಂದೆ ಬಾಲದ ಥರ ನೇತಾಡುವ ಗ್ರೌಂಡ್ ವೈರ್ ಕಟ್ಟದಿದ್ದರಂತೂ ಕೇಳುವುದೇ ಬೇಡ. ನನ್ನ ಒಂದು ಟರ್ನ್‌ಟೇಬಲ್‌ನಲ್ಲಿ ಆ ಬಾಲವನ್ನು ಯಾರೋ ಕತ್ತರಿಸಿಬಿಟ್ಟಿದ್ದರು.

ಮನೆಯಲ್ಲಿ ಹೇಗೋ ಓಡಿತು. ಬಫರ್, ಅಂದರೆ ಸಾಫ್ಟ್‌ವೇರ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಸದ್ದಿನ ತುಂಡು, 1024ರಿಂದ 128ಕ್ಕೆ ಇಳಿಸಿದ ಮೇಲೆ ಕೈಗೂ ಹಾಡಿಗೂ ಹೊಂದಿಕೊಂಡಿತು. 23 ಮಿಲಿಸೆಕೆಂಡ್ ಇದ್ದ ತಡ 3ಕ್ಕೆ ಬರುತ್ತದೆ, ಬೆರಳಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಧೈರ್ಯ ಬಂತು. ಆ ಧೈರ್ಯದಲ್ಲೇ ಗುಬ್ಬಿಯ ಆರತಕ್ಷತೆಗೆ ಕಂಟ್ರೋಲರ್ ಮನೆಯಲ್ಲಿ ಬಿಟ್ಟು ಈ ಸೆಟ್ ಹೊತ್ತುಕೊಂಡು ಹೋದೆ.

ಗಂಡು ಹೆಣ್ಣು ಬಾಗಿಲಿಗೆ ಬಂದರು. ಮೊಬೈಲ್‌ಗಳೆಲ್ಲ ಮೇಲೆ ಎದ್ದವು. ನಾನು ಮುಳ್ಳು ಇಟ್ಟೆ. ಹಾಡು ಶುರುವಾಯಿತು, ಆದರೆ ಹಿಂದುಮುಂದಾಗಿ. ಮೊದಲ ಎರಡು ಸೆಕೆಂಡ್ ನನಗೂ ಅರ್ಥವಾಗಲಿಲ್ಲ. ಪದಗಳೆಲ್ಲ ಬುಡಮೇಲಾಗಿ "ಶೂಪ್, ಶೂಪ್" ಅಂತ ಏನೋ ಹೀರಿಕೊಂಡ ಹಾಗೆ ಬರುತ್ತಿದ್ದವು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಪಾವಗಡ ಕಡೆಯ ಬೀಗರ ಕಡೆ ತಿರುಗಿ "ಇದು ತೆಲುಗಾ?" ಅಂತ ಕೇಳಿದರು. ಅವರು "ನಮ್ದಲ್ಲಪ್ಪಾ" ಅಂದರು. ಸುತ್ತ ಕೂತವರೆಲ್ಲ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ.

ಆಗಿದ್ದೇನು ಗೊತ್ತಾ? ಅವಸರದಲ್ಲಿ ಕೆಂಪು ವೈರ್ ಜಾಗಕ್ಕೆ ಬಿಳಿ, ಬಿಳಿ ಜಾಗಕ್ಕೆ ಕೆಂಪು ಸಿಕ್ಕಿಸಿದ್ದೆ. ಮಾಮೂಲಿ ಹಾಡಿನಲ್ಲಿ ಎಡ ಬಲ ಅದಲುಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಸಾಫ್ಟ್‌ವೇರ್ ದಿಕ್ಕು ಹಿಡಿಯುವುದೇ ಅದರಿಂದ, ಹಾಗಾಗಿ ಪ್ಲೇಟು ಮುಂದೆ ಹೋದರೂ ಹಾಡು ಹಿಂದೆ ಹೋಯಿತು.

ಅದನ್ನು ಸರಿಮಾಡಿದೆ. ಆಮೇಲೆ ಹುಡುಗರು ಕುಣಿಯಲು ಸ್ಟೇಜ್ ಹತ್ತಿದರು. ನನ್ನ ಟೇಬಲ್ ಇದ್ದದ್ದೂ ಅದೇ ಹಲಗೆಗಳ ಮೇಲೆ, ಪಕ್ಕದಲ್ಲೇ ಬೇಸ್ ಪೆಟ್ಟಿಗೆ. ಅವರು ಒಂದು ಸಲ ಎಗರಿದರೆ ಮುಳ್ಳೂ ಒಂದು ಸಲ ಎಗರುತ್ತದೆ. 33⅓ ವೇಗದಲ್ಲಿ ಪ್ಲೇಟು ಒಂದು ಸುತ್ತಿಗೆ 1.8 ಸೆಕೆಂಡ್ ತಗೊಳ್ಳುತ್ತದೆ, ಮುಳ್ಳು ಒಂದು ಗೆರೆ ಹಾರಿದರೆ ಹಾಡು ಅಷ್ಟು ಹಾರುತ್ತದೆ. ನಾನು ಅಬ್ಸೊಲ್ಯೂಟ್ ಮೋಡ್‌ನಲ್ಲಿಟ್ಟಿದ್ದೆ, ಅದು ಮುಳ್ಳು ಎಲ್ಲಿದೆಯೋ ಹಾಡನ್ನೂ ಅಲ್ಲಿಗೇ ಎಳೆಯುತ್ತದೆ. ರಿಲೇಟಿವ್‌ನಲ್ಲಿ ಇಟ್ಟಿದ್ದರೆ ವೇಗ ಮತ್ತು ದಿಕ್ಕು ಮಾತ್ರ ನೋಡುತ್ತದೆ, ಇಷ್ಟು ಹಾರಾಟ ಇರುತ್ತಿರಲಿಲ್ಲ. ಒಂದು ಕ್ಲಿಕ್‌ನ ಕೆಲಸ, ಆ ಬೆವರಿನಲ್ಲಿ ನೆನಪಾಗಬೇಕಲ್ಲ. ಒಂಬತ್ತೂವರೆಗೆ ಬಲಗಡೆಯ ಟರ್ನ್‌ಟೇಬಲ್ ಪೂರ್ತಿ ತೊದಲಲು ಶುರುಮಾಡಿತು. ಕೊನೆಗೆ ಹುಡುಗಿಯ ಅಣ್ಣ ಬಂದು ತನ್ನ ಮೊಬೈಲ್‌ನಿಂದಲೇ ಹಾಡು ಹಾಕಿದ. ಹತ್ತು ಗಂಟೆಗೆ ಹೇಗೂ ನಿಲ್ಲಿಸಲೇಬೇಕಿತ್ತು, ಆ ಅರ್ಧ ಗಂಟೆ ನಾನು ವೈರ್ ಸುತ್ತುತ್ತಾ ಕೂತಿದ್ದೆ.

ತೊದಲು ಯಾಕೆ ಅಂತ ಗೊತ್ತಾದದ್ದು ಶಿರಾ ಗೇಟ್ ಹತ್ತಿರ ಆಂಪ್ಲಿಫೈಯರ್ ರಿಪೇರಿ ಮಾಡುವ ಒಬ್ಬ ಹಿರಿಯರಿಂದ. ಅವರಿಗೆ ಸಾಫ್ಟ್‌ವೇರ್ ಹೆಸರೂ ಗೊತ್ತಿಲ್ಲ. "ಮೊದ್ಲು ಮುಳ್ಳು ನೋಡಪ್ಪಾ, ಕಂಪ್ಯೂಟರ್ ಆಮೇಲೆ" ಅಂದು ಮುಳ್ಳಿನ ತಲೆಯನ್ನು ಬಿಚ್ಚಿದರು. ಅದರೊಳಗೆ ಕೂದಲಿಗಿಂತ ಸ್ವಲ್ಪ ದಪ್ಪದ ನಾಲ್ಕು ವೈರ್: ಬಿಳಿ, ನೀಲಿ, ಕೆಂಪು, ಹಸಿರು. ಕೆಂಪುದು ತುದಿಯಲ್ಲಿ ಬಿಟ್ಟುಕೊಂಡಿತ್ತು, ಅಲುಗಾಡಿದಾಗ ಒಮ್ಮೆ ತಾಗುತ್ತಿತ್ತು ಒಮ್ಮೆ ಇಲ್ಲ. ಹಿಂದಿನ ನಾಲ್ಕು ಪಿನ್ ಕಪ್ಪಾಗಿದ್ದವು, ಅದನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದರು. ನಾನು ಲ್ಯಾಪ್‌ಟಾಪ್ ಒಯ್ದಿದ್ದೆ, ಈ ಸಲ ಬುದ್ಧಿ ಬಂದಿತ್ತು. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಕೋಡ್ ತೋರಿಸುವ ಒಂದು ಚಿಕ್ಕ ಚೌಕ ಇರುತ್ತದೆ. ಅಲ್ಲಿ ಬಳೆಯ ಥರ ದುಂಡಗೆ ಕಾಣಬೇಕು. ಒಂದು ಕಡೆಯ ಸದ್ದು ಸತ್ತರೆ ಬಳೆ ಚಪ್ಪಟೆಯಾಗಿ ಬರೀ ಗೆರೆ ಆಗುತ್ತದೆ. ಅವರು ವೈರ್ ಸಿಕ್ಕಿಸಿದ ಕೂಡಲೇ ಗೆರೆ ಉಬ್ಬಿ ಬಳೆಯಾಯಿತು. 150 ರೂಪಾಯಿ ತಗೊಂಡರು. ನಾನು ಅಲ್ಲಿಯವರೆಗೆ ಮೂರು ಸಾಫ್ಟ್‌ವೇರ್ ಬದಲಾಯಿಸಿ ನೋಡಿದ್ದೆ.

ಹಾಗಾಗಿ ನೀವು ನೋಡಲು ಹೋದರೆ ನಿಮ್ಮ ಲ್ಯಾಪ್‌ಟಾಪ್ ಒಯ್ಯಿರಿ, ಅದರಲ್ಲಿ ನೀವು ಬಳಸುವ ಸಾಫ್ಟ್‌ವೇರ್ ಮೊದಲೇ ಹಾಕಿಕೊಂಡಿರಿ, ಪೆಟ್ಟಿಗೆಯ ಮಾದರಿಯ ಹೆಸರು ಹಿಂದಿನ ದಿನವೇ ಕೇಳಿ ಪಟ್ಟಿಯಲ್ಲಿದೆಯಾ, ಹೊಸ ಡ್ರೈವರ್ ಇದೆಯಾ ಅಂತ ಹುಡುಕಿರಿ, ಅಲ್ಲಿ ಇಪ್ಪತ್ತು ನಿಮಿಷ ಓಡಿಸಿ ಎರಡೂ ಬಳೆ ದುಂಡಗಿವೆಯಾ ನೋಡಿ, ಮುಳ್ಳಿನ ತಲೆಯನ್ನು ಮೆಲ್ಲಗೆ ಬೆರಳಲ್ಲಿ ಅಲುಗಾಡಿಸಿದರೂ ಬಳೆ ಹಾಗೇ ಇರಬೇಕು. ಹಳೆಯ ಪ್ಲೇಟಾದರೆ ಮೊದಲ ಒಂದು ನಿಮಿಷದ ಜಾಗ ನೋಡಿ, ಎಲ್ಲರೂ ಅಲ್ಲೇ ಮುಳ್ಳಿಟ್ಟು ಅಲ್ಲೇ ಉಜ್ಜಿರುತ್ತಾರೆ, ಮೊದಲು ಸವೆಯುವುದೇ ಅದು. ಮಾರುವವರು "ಲೈಸೆನ್ಸ್ ಇದೆ ಬ್ರದರ್" ಅಂದರೆ ಅದು ಅವರ ಅಕೌಂಟ್‌ನಲ್ಲಿದೆಯಾ, ಪೆಟ್ಟಿಗೆಯ ಜೊತೆ ಬರುತ್ತದಾ ಅಂತ ಬಿಡಿಸಿ ಕೇಳಿ.

ಇಷ್ಟೂ ಸರಿಯಿದ್ದರೆ ಸೆರಾಟೋನೋ ಟ್ರ್ಯಾಕ್ಟರೋ ಅನ್ನುವುದು ನಿಮ್ಮ ಇಷ್ಟ. ನನ್ನ ಕೈಗೆ ಅವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ. ನಾನೀಗ ಒಂದು ಡೈರೆಕ್ಟ್ ಡ್ರೈವ್ (ಮೋಟರೇ ನೇರವಾಗಿ ತಟ್ಟೆ ತಿರುಗಿಸುವ) ಟರ್ನ್‌ಟೇಬಲ್‌ಗೆ ದುಡ್ಡು ಕೂಡಿಡುತ್ತಿದ್ದೇನೆ, ಮದುವೆಗೆ ಮತ್ತೆ ಕಂಟ್ರೋಲರ್ ಒಯ್ಯುತ್ತಿದ್ದೇನೆ. ಬೆಲ್ಟಿನ ಒಂದು ಟರ್ನ್‌ಟೇಬಲ್ ಅಪ್ಪನ ಪಾಲಾಗಿದೆ. ಸುಮ್ನೆ ಕೂತು ಹಾಡು ಕೇಳಲು ಅದು ಚೆನ್ನಾಗೇ ಇದೆ, ಭಾನುವಾರ ಹಳೆಯ ಪ್ಲೇಟು ಹಾಕಿಕೊಂಡು ಕೂರುತ್ತಾರೆ. ಸೌಂಡ್ ಪೆಟ್ಟಿಗೆ ಅಟ್ಟದ ಮೇಲಿದೆ. ಯಾರಿಗೆ ಮಾರಲಿ ಹೇಳಿ, ನಿಜ ಹೇಳಿದರೆ ಯಾರೂ ತಗೊಳ್ಳುವುದಿಲ್ಲ.

ಇದನ್ನು ಈಗಲೇ ಬರೆಯಲು ಕಾರಣ ಇದೆ. ಹೋದ ವಾರ ಒಬ್ಬ ಹುಡುಗ ನನಗೊಂದು ಜಾಹೀರಾತು ಕಳಿಸಿ "ಅಣ್ಣ, ಇದು ಹೇಗಿದೆ?" ಅಂತ ಕೇಳಿದ. ಬೇರೆ ಹೆಸರು, ಬೇರೆ ನಂಬರ್, 65 ಸಾವಿರ, "ಫುಲ್ ಸೆಟ್, ತಕ್ಷಣ ಬಳಸಬಹುದು". ಮೂರನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಟರ್ನ್‌ಟೇಬಲ್ ಹಿಂದೆ ಲ್ಯಾಪ್‌ಟಾಪ್‌ನ ಮುಚ್ಚಳ ಕಾಣುತ್ತಿತ್ತು, ಮೂಲೆಯಲ್ಲಿ ಅರ್ಧ ಹರಿದ ಹುಲಿ.